ಮೈಕಿನ ಮಾತು, ಕಾಗದದ ಮಾತು

ವಾಮದಪದವು
೭ ಆಗಸ್ಟ್ ೨೦೨೪, ಬುಧವಾರ ಸಂಜೆ

ಪ್ರೀತಿಯ ಮಗಳು ದೀಕ್ಷಿತಾಳಿಗೆ ಅಮ್ಮನ ತುಂಬು ಆಶೀರ್ವಾದ.

ಹೇಗಿದ್ದೀ ಮಗಾ? ಶೀತ ಬಿಟ್ಟಿತಾ? ಹೋದ ಭಾನುವಾರ ಫೋನಿನಲ್ಲಿ ನಿನ್ನ ಮೂಗು ಕಟ್ಟಿದ ಸ್ವರ ಕೇಳಿ ಅಪ್ಪ ಆ ದಿನ ಇಡೀ ಸಪ್ಪೆ ಮುಖ ಹಾಕಿಕೊಂಡಿದ್ದರು. ಕಷಾಯದ ಹುಡಿ ನಿನ್ನ ಪೆಟ್ಟಿಗೆಯ ಅಡಿಯಲ್ಲಿ ಕೆಂಪು ತೊಟ್ಟೆಯಲ್ಲಿದೆ. ನೀನು ಅದನ್ನು ಬಿಚ್ಚಿಯೂ ಇರಲಿಕ್ಕಿಲ್ಲ, ನನಗೆ ಗೊತ್ತು. ನರ್ಸಿಂಗ್ ಎರಡನೇ ವರ್ಷಕ್ಕೆ ಬಂದ ಮೇಲೆ ನಿನಗೆ ಅಮ್ಮನ ಕಷಾಯ ಮದ್ದಾಗಿ ಕಾಣುವುದಿಲ್ಲ. ಆದರೂ ಬಿಚ್ಚು, ಬಿಸಿನೀರಿಗೆ ಹಾಕಿ ಕುಡಿ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಪ್ಪನ ಸೊಂಟನೋವು ಇದ್ದ ಹಾಗೆಯೇ ಇದೆ, ರಿಕ್ಷಾದ ಸೀಟು ಬದಲಿಸಿ ಎಂದರೆ ಕೇಳುವ ಜನ ಅಲ್ಲ. ನಾನಂತೂ ಎಷ್ಟು ಚೆನ್ನಾಗಿದ್ದೇನೆ ಎಂದರೆ ನಿನ್ನೆಯಿಂದ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಅಪ್ಪ ಬಾಯಿ ಮುಚ್ಚಿಕೊಂಡು ಉಂಡರು.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀ. ನಿಮ್ಮ ಹಾಸ್ಟೆಲಿನವರು ಕೊಡುವುದು ಭಾನುವಾರದ ಹತ್ತು ನಿಮಿಷ. ಅದರಲ್ಲಿ ಐದು ನಿಮಿಷ ‘ಊಟ ಆಯ್ತಾ, ಏನು ಪದಾರ್ಥ’ ಎಂಬುದಕ್ಕೇ ಹೋಗುತ್ತದೆ. ಮತ್ತೆ ಮೂರು ನಿಮಿಷ ಅಪ್ಪ ಫೋನ್ ಕಸಿದುಕೊಳ್ಳುತ್ತಾರೆ. ನನಗಿರುವುದು ಎರಡು ನಿಮಿಷದ ಸುದ್ದಿಯಲ್ಲ, ಎರಡು ತಿಂಗಳ ಸುದ್ದಿ. ಅದೂ ಅಲ್ಲದೆ ಈ ಎರಡು ತಿಂಗಳಲ್ಲಿ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮುಖ್ಯವಾದ ಮಾತನ್ನು ಕಾಗದದಲ್ಲಿ ಬರೆಯುವುದು, ಮೇಲೆ ದಿನಾಂಕ ಹಾಕುವುದು. ಮೇಲೆ ನೋಡು, ಹಾಕಿದ್ದೇನೆ. ನೆರೆಮನೆಯ ಕಾಂತಿ ನಾಳೆ ಬೆಳಿಗ್ಗೆ ನಿಮ್ಮ ಕಾಲೇಜಿನ ಆಫೀಸಿಗೆ ಡ್ಯೂಟಿಗೆ ಬರುವಾಗ ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಕೂತು ಓದು, ನಡೆಯುತ್ತಾ ಓದಬೇಡ.

ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಬರುವ ಸೋಮವಾರ, ಆಗಸ್ಟ್ ಹನ್ನೆರಡಕ್ಕೆ, ಬೆಳಿಗ್ಗೆ ಎಂಟು ಗಂಟೆಗೆ ನಾನು ಗೇರುಬೀಜದ ಫ್ಯಾಕ್ಟರಿಯ ಗ್ರೇಡಿಂಗ್ ಹಾಲಿನಲ್ಲಿ, ಕಿಟಕಿ ಬದಿಯ ನನ್ನದೇ ಮೇಜಿನಲ್ಲಿ ಕೂರುತ್ತೇನೆ! ‘ಅಮ್ಮ ರಿಟೈರ್ ಆದದ್ದಲ್ಲವಾ’ ಎನ್ನುತ್ತೀ. ಇಲ್ಲ ಮಗಾ. ನಾನು ರಿಟೈರ್ ಆಗಲಿಲ್ಲ, ನನ್ನನ್ನು ರಿಟೈರ್ ಮಾಡಿದರು. ವಯಸ್ಸಾಯಿತು ಎಂದು ಗೇಟಿನ ಹೊರಗೆ ನಿಲ್ಲಿಸಿದರು. ನಾನು ಅದನ್ನು ಒಪ್ಪಲಿಲ್ಲ, ಲೇಬರ್ ಆಫೀಸಿಗೆ ಹೋದೆ. ನಿನಗೆ ಪರೀಕ್ಷೆ ಹತ್ತಿರ ಎಂದು ಇಷ್ಟು ದಿನ ಮುಚ್ಚಿಟ್ಟೆ. ಭಾನುವಾರ ಭಾನುವಾರ ‘ಆರಾಮ ಇದ್ದೇನೆ, ಮಲ್ಲಿಗೆ ಗಿಡಕ್ಕೆ ನೀರು ಹಾಕ್ತಾ ಇದ್ದೇನೆ’ ಎಂದು ನಾನು ಹೇಳಿದ್ದೆಲ್ಲ ಶುದ್ಧ ಸುಳ್ಳು. ಆ ಮಲ್ಲಿಗೆ ಗಿಡ ಸತ್ತು ಒಂದು ತಿಂಗಳಾಯಿತು.

ಮೇ ಮೂವತ್ತೊಂದರ ಶುಕ್ರವಾರದಿಂದ ಶುರು ಮಾಡುತ್ತೇನೆ. ಆ ದಿನ ನೀನೂ ಬಂದಿದ್ದೆ. ಬೀಜ ಒಣಗಿಸುವ ಅಂಗಳಕ್ಕೆ ಶಾಮಿಯಾನ ಹಾಕಿದ್ದರು, ಮೇಲೆ ಬ್ಯಾನರ್, ‘ಹಿರಿಯ ಕಾರ್ಮಿಕರಿಗೆ ಸನ್ಮಾನ’ ಎಂದು. ಗ್ರೇಡಿಂಗಿನ ಹನ್ನೊಂದು ಮಂದಿ ಹೆಂಗಸರನ್ನು ವೇದಿಕೆಯ ಮೇಲೆ ಸಾಲಾಗಿ ಕೂರಿಸಿದರು. ಶಾಲು, ಹಣ್ಣಿನ ಬುಟ್ಟಿ, ಫ್ರೇಮು ಹಾಕಿದ ಸನ್ಮಾನ ಪತ್ರ. ನಮ್ಮ ಊರಿನಲ್ಲಿ ಸನ್ಮಾನಕ್ಕೆ ಏನು ಬರಗಾಲ! ಪಂಚಾಯತಿಗೆ ಗೆದ್ದವನಿಗೂ ಶಾಲು, ಸೋತವನಿಗೂ ಶಾಲು. ಇಪ್ಪತ್ತೇಳು ವರ್ಷ ಕೂತು ಬೀಜ ಆರಿಸಿದ್ದಕ್ಕೆ ನಮಗೂ ಒಂದು ಸಿಕ್ಕಿತು ಎಂದೇ ನಾವು ಹನ್ನೊಂದು ಮಂದಿ ತಿಳಿದದ್ದು. ಮ್ಯಾನೇಜರ್ ಧನರಾಜ್ ಜನವರಿಯಲ್ಲಷ್ಟೇ ಬಂದವ, ಹೊಸಬ. ಅವನು ಮೈಕಿನಲ್ಲಿ ‘ಇವರ ಮುಂದಿನ ದಿನಗಳು ಸುಖಮಯವಾಗಲಿ’ ಎಂದ. ‘ನಿಮ್ಮ ಮಗಳಂದಿರಿಗೆ, ಸೊಸೆಯಂದಿರಿಗೆ ನಿಮ್ಮ ಜಾಗದಲ್ಲಿ ಕೆಲಸ ಕೊಡ್ತೇವೆ, ಫಾರಂ ಗೇಟಿನ ಹತ್ತಿರ ಉಂಟು’ ಎಂದ. ಅದೂ ನನ್ನ ಕಿವಿಗೆ ಬಿತ್ತು. ಆದರೆ ವೇದಿಕೆಯಲ್ಲಿ ಜನ ಏನೇನೋ ಹೇಳುತ್ತಾರೆ, ಯಾರು ಅದನ್ನೆಲ್ಲ ಮನಸ್ಸಿಗೆ ಹಾಕಿಕೊಳ್ಳುತ್ತಾರೆ?

ನಾನೇ ಏನು ಹೇಳಿದೆ? ಅದೇ ಈ ಕಥೆಯ ಗಂಟು. ನನ್ನ ಕೈಗೂ ಮೈಕ್ ಕೊಟ್ಟರು. ಸನ್ಮಾನ ಮಾಡಿಸಿಕೊಂಡವರು ಏನು ಹೇಳಬೇಕು ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ‘ನಾನು ಇದಕ್ಕೆ ಯೋಗ್ಯಳಲ್ಲ’ ಎನ್ನಬೇಕು. ತಗ್ಗಿ ಬಗ್ಗಿ ಮಾತಾಡಬೇಕು, ಇಲ್ಲದಿದ್ದರೆ ಇವಳಿಗೆ ಎಷ್ಟು ಅಹಂಕಾರ ಎನ್ನುತ್ತಾರೆ. ನಾನೂ ಹಾಗೆಯೇ ಅಂದೆ. ‘ನನ್ನದು ದೊಡ್ಡದು ಏನಿಲ್ಲ. ಕಣ್ಣು ಮಂಜಾಗಿದೆ, ಕೈ ಸೋತಿದೆ. ಇನ್ನು ಮಕ್ಕಳಿಗೆ ಜಾಗ ಬಿಡುವ’ ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಕೂತು ನೀನೂ ಹೊಡೆದೆ, ಕಣ್ಣು ಒರೆಸಿಕೊಂಡೆ. ನಾನು ಹೆಮ್ಮೆಯಿಂದ ಅಂದುಕೊಂಡೆ, ಭಾಷಣ ಚೆನ್ನಾಗಿ ಬಂದಿರಬೇಕು ಎಂದು. ಭಾನುವಾರ ಹಾಸ್ಟೆಲಿಗೆ ಹೊರಡುವಾಗ ನೀನು ನನ್ನನ್ನು ಗಟ್ಟಿ ಅಪ್ಪಿಕೊಂಡು ‘ಇನ್ನು ನೀನು ರೆಸ್ಟ್ ತಗೋ ಅಮ್ಮ’ ಎಂದೆ. ಭಾನುವಾರ ಅಲ್ಲವಾ, ಮಧ್ಯಾಹ್ನ ಸ್ವಲ್ಪ ಮಲಗು ಎನ್ನುತ್ತಿದ್ದಾಳೆ ಎಂದು ತಿಳಿದು ನಾನು ‘ಆಯ್ತು’ ಎಂದೆ.

ಸೋಮವಾರ, ಜೂನ್ ಮೂರಕ್ಕೆ, ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೋದೆ. ಗೇಟಿನ ವಾಚ್‌ಮನ್ ಬಾವಾ, ಹದಿನೈದು ವರ್ಷದಿಂದ ನನ್ನ ಮುಖ ನೋಡಿದವ, ತಲೆ ತಗ್ಗಿಸಿ ನಿಂತಿದ್ದ. ‘ವಿನೋದಕ್ಕಾ, ನಿಮ್ಮ ಹೆಸರು ಪುಸ್ತಕದಲ್ಲಿ ಇಲ್ಲ. ಒಳಗೆ ಬಿಡಬೇಡ ಅಂತ ಹೇಳಿದ್ದಾರೆ.’ ನನ್ನ ಹಿಂದೆಯೇ ಬೀಪಾತುಮ್ಮ ಬಂದಳು, ಅವಳಿಗೂ ಅದೇ. ಬೀಪಾತುಮ್ಮ ನಿನಗೆ ಗೊತ್ತಲ್ಲ, ನನ್ನ ಪಕ್ಕದ ಮೇಜಿನವಳು, ನನಗಿಂತ ಎರಡು ವರ್ಷ ದೊಡ್ಡವಳು, ಹಬ್ಬಕ್ಕೆ ನಿನಗೆ ಅಕ್ಕಿಯ ಪತ್ತಿರಿ ರೊಟ್ಟಿ ಕಳಿಸುವವಳು. ಅವಳ ಬಾಯಿಯನ್ನು ಎದುರಿಸಲು ಆಗದೆ ಧನರಾಜನೇ ಹೊರಗೆ ಬಂದ. ‘ಐವತ್ತೈದು ದಾಟಿದವರಿಗೆ ಗ್ರೇಡಿಂಗಿನಲ್ಲಿ ಕಣ್ಣು ಸಾಲುವುದಿಲ್ಲ ಅಕ್ಕಾ. ನಿಮಗೆ ಎಷ್ಟು ಚಂದ ಮಾಡಿ ಕಳಿಸಿದ್ದೇವೆ, ಮತ್ತೆ ಯಾಕೆ ಬಂದದ್ದು?’ ಎಂದ. ಆಗ ನನಗೆ ತಿಳಿದದ್ದು, ಶಾಲು ಹೊದಿಸಿದ್ದು ಯಾಕೆ ಎಂದು! ಅಲ್ಲ ಮಗಾ, ಬಾಯ್ಲರಿನ ಮೂವರು ಗಂಡಸರಿಗೆ ಐವತ್ತೆಂಟು ಆಗಿದೆ. ಅವರಿಗೆ ಶಾಲೂ ಇಲ್ಲ, ಬುಟ್ಟಿಯೂ ಇಲ್ಲ, ಬಂದು ಕೆಲಸ ಮಾಡುತ್ತಿದ್ದಾರೆ. ನನ್ನ ಮೈ ಉರಿದು ಹೋಯಿತು. ಅಳು ಬಂತು, ಆದರೆ ಆ ಗೇಟಿನ ಎದುರು ಅಳಬಾರದು ಎಂದು ಹಲ್ಲು ಕಚ್ಚಿ ನಿಂತೆ. ಬುತ್ತಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತು ಇಬ್ಬರೂ ಹಂಚಿಕೊಂಡು ತಿಂದೆವು.

ಬೀಪಾತುಮ್ಮನೇ ನನ್ನನ್ನು ಬಿ.ಸಿ. ರೋಡಿಗೆ, ಅಬ್ದುಲ್ ನಾಸಿರರ ಅಂಗಡಿಗೆ ಎಳೆದುಕೊಂಡು ಹೋದದ್ದು. ಅವರದ್ದು ಜೆರಾಕ್ಸ್, ಟೈಪಿಂಗ್ ಅಂಗಡಿ. ಇಪ್ಪತ್ತು ವರ್ಷದಿಂದ ಊರವರ ಅರ್ಜಿಗಳನ್ನೆಲ್ಲ ಟೈಪ್ ಮಾಡಿ ಮಾಡಿ ಅರ್ಧ ವಕೀಲರೇ ಆಗಿದ್ದಾರೆ. ನಾವಿಬ್ಬರೂ ಒಟ್ಟಿಗೆ ಕೂಗಾಡಿದ್ದನ್ನು ಪೂರ್ತಿ ಕೇಳಿ, ಒಂದು ಹಾಳೆ ಕೊಟ್ಟು ‘ಮೊದಲು ಇವತ್ತಿನ ದಿನಾಂಕ ಬರೆಯಿರಿ’ ಎಂದರು. ಎಷ್ಟು ಗಂಟೆಗೆ ಗೇಟಿಗೆ ಹೋದದ್ದು, ಯಾರು ತಡೆದದ್ದು, ಯಾರು ಏನು ಹೇಳಿದ್ದು, ಎಲ್ಲ ನಮ್ಮ ಕೈಯಲ್ಲೇ ಬರೆಸಿದರು. ‘ನಾಳೆ ಬರೆಯುವ ಅಂದರೆ ನಾಳೆ ಮರೆತು ಹೋಗ್ತದೆ’ ಎಂದರು. ವಯಸ್ಸಿನ ಭೇದ ಮಾಡುವುದು ತಪ್ಪು ಎಂಬ ಕಾನೂನು ಇದೆಯಾ ಎಂದು ನಾನು ಕೇಳಿದೆ. ‘ಆ ಹೆಸರಿನಲ್ಲೇ ಒಂದು ಕಾನೂನು ಹುಡುಕಿದರೆ ನಿಮಗೆ ಸಿಕ್ಕುವುದಿಲ್ಲ ವಿನೋದಕ್ಕ. ನಾವು ಬೇರೆ ದಾರಿಯಲ್ಲಿ ಹೋಗುವ. ವಯಸ್ಸಿನ ನೆಪದಲ್ಲಿ ಕೆಲಸದಿಂದ ತೆಗೆದದ್ದು ಸರಿಯಾ ಅಂತ ಕೇಳುವ. ನಿಮ್ಮ ಫ್ಯಾಕ್ಟರಿಯ ಸ್ಟ್ಯಾಂಡಿಂಗ್ ಆರ್ಡರಿನಲ್ಲಿ ನಿವೃತ್ತಿ ಎಷ್ಟಕ್ಕೆ ಅಂತ ಉಂಟು, ಅದನ್ನು ನೋಡಿಕೊಂಡು ಬನ್ನಿ’ ಎಂದರು. ಹಾಗೆಂದರೆ ಫ್ಯಾಕ್ಟರಿಯ ಕೆಲಸದ ನಿಯಮಗಳು. ಟೈಮ್ ಆಫೀಸಿನ ಗೋಡೆಯ ಮೇಲೆ, ಜೇಡರ ಬಲೆಯ ಹಿಂದೆ, ಗಾಜಿನ ಪೆಟ್ಟಿಗೆಯಲ್ಲಿ ಅದು ನೇತಾಡುತ್ತಿದೆ. ಇಪ್ಪತ್ತೇಳು ವರ್ಷ ಅದರ ಎದುರಿನಿಂದಲೇ ಹೋಗಿದ್ದೇನೆ, ಒಂದು ದಿನ ಓದಲಿಲ್ಲ. ಒಳಗಿನ ಹುಡುಗಿಯರು ಫೋಟೊ ತೆಗೆದು ಕಳಿಸಿದರು. ಅರವತ್ತು! ಅರವತ್ತು ವರ್ಷ ಎಂದು ಅಚ್ಚಾಗಿದೆ, ಗಂಡು ಹೆಣ್ಣು ಎಂಬ ಭೇದವೂ ಇಲ್ಲ.

ನನ್ನ ತಲೆಯಲ್ಲಿ ಇನ್ನೊಂದು ಬುದ್ಧಿ ಬಂದಿತ್ತು. ನನ್ನ ನಿಜವಾದ ವಯಸ್ಸು ಐವತ್ತೈದೇ ಅಲ್ಲವಲ್ಲ. ಸನ್ಮಾನವಾದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿಯ ಹುಟ್ಟಿದ ದಿನ ಜೂನ್ ಒಂದು. ಎಲ್ಲ ಶಾಲೆಗೆ ಸೇರಿಸುವಾಗ ಮಾಸ್ಟ್ರು ಬರೆದದ್ದು. ನನ್ನನ್ನು ಅಣ್ಣನ ಒಟ್ಟಿಗೇ ಒಂದನೆಗೆ ಸೇರಿಸಬೇಕೆಂದು ಅಜ್ಜ ಒಂದು ವರ್ಷ ಜಾಸ್ತಿ ಹೇಳಿದ್ದರಂತೆ. ಅದನ್ನು ಅರ್ಜಿಯಲ್ಲಿ ಹಾಕುವ ಎಂದೆ. ನಾಸಿರರು ಎರಡು ಕೈ ಎತ್ತಿ ಮುಗಿದರು. ‘ಮಾರಾಯ್ರೆ, ಅದನ್ನು ಬಿಚ್ಚಬೇಡಿ. ದಾಖಲೆಯಲ್ಲಿ ಐವತ್ತೈದು, ಆರ್ಡರಿನಲ್ಲಿ ಅರವತ್ತು. ನಡುವೆ ಐದು ವರ್ಷ ಉಂಟು. ನಮಗೆ ಅಷ್ಟು ಸಾಕು.’ ಅಜ್ಜನ ಸುಳ್ಳು ಹಾಗೆ ಉಳಿಯಿತು.

ಜೂನ್ ಐದಕ್ಕೆ ಕಂಪನಿಗೆ ರಿಜಿಸ್ಟರ್ಡ್ ಪತ್ರ ಹಾಕಿದೆವು. ‘ನಾನು ಕೆಲಸಕ್ಕೆ ಸಿದ್ಧಳಿದ್ದೇನೆ, ಯಾವ ಕಾರಣಕ್ಕೆ ತಡೆದಿದ್ದೀರಿ, ಬರಹದಲ್ಲಿ ತಿಳಿಸಿ’ ಎಂದು. ಅದು ತಲುಪಿದ್ದಕ್ಕೆ ಸಹಿಯಾದ ಕಾರ್ಡ್ ವಾಪಸ್ ಬಂದಾಗ ನಾನು ಅದನ್ನು ದೇವರ ಕೋಣೆಯಲ್ಲಿ ಇಟ್ಟೆ, ನಗಬೇಡ. ಹದಿನೇಳಕ್ಕೆ ಉತ್ತರ ಬಂತು. ನಾವು ‘ಸ್ವಂತ ಇಚ್ಛೆಯಿಂದ, ಸಂತೋಷದಿಂದ’ ಕೆಲಸ ಬಿಟ್ಟಿದ್ದೇವಂತೆ. ಸಂತೋಷದಿಂದ! ನಾಸಿರರು ಅದನ್ನು ಓದಿ ಖುಷಿಪಟ್ಟರು. ‘ಅವರು ಬರೆದು ಕೊಟ್ಟರಲ್ಲ, ಈಗ ನಮಗೆ ಹಿಡಿಯಲು ಒಂದು ಬಾಲ ಸಿಕ್ಕಿತು’ ಎಂದರು. ಜೂನ್ ಇಪ್ಪತ್ನಾಲ್ಕು, ಸೋಮವಾರ, ಮಂಗಳೂರಿನ ಲೇಬರ್ ಆಫೀಸಿಗೆ ಹೋಗಿ ನಾನೂ ಬೀಪಾತುಮ್ಮನೂ ಬೇರೆ ಬೇರೆ ಅರ್ಜಿ ಕೊಟ್ಟೆವು. ಒಬ್ಬೊಬ್ಬರದ್ದು ಒಂದೊಂದು. ಜೊತೆಗೆ ಗುರುತಿನ ಚೀಟಿ, ಪಿ.ಎಫ್. ಕಾಗದ, ಆ ಫೋಟೊ, ಕಂಪನಿಯ ಉತ್ತರ. ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬಾರದು ಎಂದು ನಾಸಿರರು ಹೇಳಿ ಕಳಿಸಿದ್ದರು. ಗುಮಾಸ್ತರು ಊಟಕ್ಕೆ ಹೋಗಿದ್ದರು, ನಾವು ಬೆಂಚಿನಲ್ಲಿ ಕೂತೆವು. ಬಂದರು, ಸೀಲು ಬಿತ್ತು.

ಇನ್ನು ದಿನಗಳ ವಿಷಯ ಕೇಳು, ನಿನಗೂ ಮುಂದೆ ಆಸ್ಪತ್ರೆ ಕೆಲಸದಲ್ಲಿ ಬೇಕಾಗಬಹುದು. ಅಲ್ಲಿನ ಆಫೀಸರ್ ಮೇಡಂ ಎರಡೂ ಕಡೆಯವರನ್ನು ಕರೆಸಿ ರಾಜಿಗೆ ನೋಡುತ್ತಾರೆ. ಅರ್ಜಿ ಕೊಟ್ಟು ನಲವತ್ತೈದು ದಿನವಾದರೂ ಮುಗಿಯದಿದ್ದರೆ ನಾವೇ ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದು. ಆದರೆ ಕೆಲಸದಿಂದ ತೆಗೆದ ದಿನದಿಂದ ಮೂರು ವರ್ಷ ಕಳೆದರೆ ಆ ಬಾಗಿಲೂ ಮುಚ್ಚುತ್ತದೆ. ‘ಮೂರು ವರ್ಷ ಉಂಟಲ್ಲ ಅಂತ ಮನೆಯಲ್ಲಿ ಕೂತವರು ಎಷ್ಟು ಮಂದಿ ಗೊತ್ತುಂಟಾ? ಮೂರು ವರ್ಷ ಮುಗಿದ ಮರುದಿನ ನನ್ನ ಅಂಗಡಿಗೆ ಬರ್ತಾರೆ’ ಎಂದರು ನಾಸಿರರು. ನಾನು ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಇಪ್ಪತ್ನಾಲ್ಕರಿಂದ ದಿನಕ್ಕೊಂದು ಕೆಂಪು ಗೀಟು ಎಳೆಯತೊಡಗಿದೆ. ಅಪ್ಪ ಅದನ್ನು ನೋಡಿ, ಏನೋ ವ್ರತ ಹಿಡಿದಿದ್ದಾಳೆ ಎಂದು ತಿಳಿದು ಒಂದು ವಾರ ಮನೆಗೆ ಮೀನು ತರಲಿಲ್ಲ, ಪಾಪ.

ಮೊದಲ ಸಲ, ಜುಲೈ ಒಂಬತ್ತಕ್ಕೆ, ಕಂಪನಿಯಿಂದ ಯಾರೂ ಬರಲಿಲ್ಲ. ಎರಡನೆಯ ಸಲ, ಇಪ್ಪತ್ಮೂರಕ್ಕೆ, ಧನರಾಜ್ ಬಂದ, ಕೈಯಲ್ಲಿ ಫೈಲು, ಲ್ಯಾಪ್‌ಟಾಪು. ಮೇಡಂ ಚಿಕ್ಕ ಪ್ರಾಯದವರು, ನಿನ್ನ ಅಕ್ಕನಂತಿದ್ದಾರೆ, ಆದರೆ ಮುಖ ಬಿಗಿ. ‘ಇವರ ರಾಜೀನಾಮೆ ಪತ್ರ ಎಲ್ಲಿ?’ ಎಂದು ಕೇಳಿದರು. ಅವನು ‘ಪತ್ರ ಯಾಕೆ ಮೇಡಂ, ಇವರೇ ಬಾಯಿಬಿಟ್ಟು ಹೇಳಿದ್ದು ಉಂಟು’ ಎಂದು ಲ್ಯಾಪ್‌ಟಾಪ್ ತಿರುಗಿಸಿದ. ಅದರಲ್ಲಿ ನಾನು! ಶಾಲು ಹೊದ್ದುಕೊಂಡು, ಮೈಕ್ ಹಿಡಿದು. ‘ಕಣ್ಣು ಮಂಜಾಗಿದೆ, ಕೈ ಸೋತಿದೆ. ಇನ್ನು ಮಕ್ಕಳಿಗೆ ಜಾಗ ಬಿಡುವ.’ ಅಷ್ಟೇ ತುಂಡು. ಮೇಡಂ ನನ್ನ ಮುಖ ನೋಡಿದರು. ಅಯ್ಯೋ ದೇವರೇ! ಹೇಳಿದ್ದು ನಾನೇ, ಸ್ವರ ನನ್ನದೇ, ಏನೆಂದು ಅಲ್ಲಗಳೆಯಲಿ? ಸಾಕು, ಇಲ್ಲಿಗೇ ಬಿಟ್ಟು ಮನೆಗೆ ಹೋಗುವ ಎಂದು ಅಲ್ಲಿಯೇ ತೀರ್ಮಾನಿಸಿದೆ, ಚೀಲವನ್ನೂ ಎತ್ತಿಕೊಂಡೆ. ಆಗ ಅವನು ಫೈಲಿನಿಂದ ಇನ್ನೊಂದು ಕಾಗದ ತೆಗೆದು ಮೇಡಂ ಮುಂದೆ ಇಟ್ಟ. ಅದು ನನ್ನ ಕಣ್ಣಿಗೂ ಬಿತ್ತು. ಅದು ಯಾವ ಕಾಗದ ಎಂದು ಈಗ ಬರೆಯುವುದಿಲ್ಲ, ಕೊನೆಗೆ ಬರೆಯುತ್ತೇನೆ. ಅದನ್ನು ನೋಡಿದ ಮೇಲೆ ನಾನು ಚೀಲ ಕೆಳಗಿಟ್ಟೆ. ‘ಮೇಡಂ, ನನಗೆ ಇನ್ನೊಂದು ದಿನಾಂಕ ಕೊಡಿ’ ಎಂದೆ. ನನ್ನ ಸ್ವರ ಎಷ್ಟು ಜೋರಾಗಿತ್ತೆಂದರೆ ಹೊರಗಿನ ಗುಮಾಸ್ತರು ಇಣುಕಿದರು. ಆಗಸ್ಟ್ ಆರು ಎಂದು ಬರೆದು ಕೊಟ್ಟರು.

ವಾಪಸ್ ಬರುವಾಗ ಬಸ್ಸು ಬಿ.ಸಿ. ರೋಡ್ ದಾಟಿದ ಮೇಲೆ ಬೀಪಾತುಮ್ಮ ಒಮ್ಮೆಲೇ ನನ್ನ ತೊಡೆಗೆ ಹೊಡೆದಳು. ‘ವಿನೋದಾ, ಆ ಬೇವರ್ಸಿ ತುಂಡು ಮಾತ್ರ ತೋರಿಸಿದ್ದಲ್ಲವಾ? ಇಡೀ ವಿಡಿಯೋ ನನ್ನ ಫೋನಿನಲ್ಲಿ ಉಂಟು! ಆ ದಿನ ಕಂಪನಿಯವರೇ ವಾಟ್ಸಾಪಿಗೆ ಹಾಕಿದ್ದು, ಫಯಾಝನಿಗೆ ಕಳಿಸಲಿಕ್ಕೆ ಅಂತ ಇಟ್ಟದ್ದು ಡಿಲೀಟ್ ಮಾಡಲಿಲ್ಲ.’ ಫಯಾಝ್ ದುಬೈಯಲ್ಲಿರುವ ಅವಳ ಮಗ. ಅವಳು ನನಗೂ ಕಳಿಸಿದಳು, ಆ ರಾತ್ರಿಯೇ ಇಬ್ಬರೂ ಅವರವರ ಮನೆಯಲ್ಲಿ ಅದನ್ನು ನೋಡಿದೆವು, ಒಂದು ಗಂಟೆ ಇಪ್ಪತ್ತು ನಿಮಿಷ, ಪ್ರಾರ್ಥನೆಯಿಂದ ಧನ್ಯವಾದದ ತನಕ. ನೋಡಿ ಮುಗಿಸಿ ಅವಳು ಫೋನ್ ಮಾಡಿದಳು. ಇಬ್ಬರೂ ನಕ್ಕದ್ದೇ ನಕ್ಕದ್ದು.

ನಿನ್ನೆ ಆಗಸ್ಟ್ ಆರು, ನನ್ನ ಕೆಂಪು ಗೀಟಿನಲ್ಲಿ ನಲವತ್ನಾಲ್ಕನೇ ದಿನ. ನಾನು ಏನು ಹೊತ್ತುಕೊಂಡು ಹೋದೆ ಗೊತ್ತಾ? ಗೋಡೆಯಲ್ಲಿ ತೂಗು ಹಾಕಿದ್ದ ಸನ್ಮಾನ ಪತ್ರವನ್ನು, ಫ್ರೇಮು ಗಾಜು ಸಮೇತ! ಬಸ್ಸಿನ ಕಂಡಕ್ಟರ್ ‘ಅಕ್ಕಾ, ಯಾರ ಫೋಟೊ ಅದು’ ಎಂದು ಕೇಳಿದ. ‘ನನ್ನದೇ’ ಎಂದೆ. ಆಫೀಸಿನಲ್ಲಿ ಧನರಾಜ್ ಪುನಃ ಆ ತುಂಡನ್ನು ಹಾಕಿದ. ಆಗ ಬೀಪಾತುಮ್ಮ ಎದ್ದು ನಿಂತು, ತನ್ನ ಫೋನನ್ನು ಮೇಡಂ ಮೇಜಿನ ಮೇಲಿಟ್ಟು, ‘ಮೇಡಂ, ಇದು ಇಡೀ ಉಂಟು. ಶುರುವಿನಿಂದ ನೋಡುವ’ ಎಂದಳು. ಶುರುವಿನಲ್ಲಿ ಯಾರು? ಧನರಾಜನೇ, ಕೈಮುಗಿದು ನಿಂತು, ‘ಈ ಮ್ಯಾನೇಜರ್ ಹುದ್ದೆಗೆ ನಾನು ಯೋಗ್ಯನೇ ಅಲ್ಲ. ನನಗೆ ಏನೂ ಗೊತ್ತಿಲ್ಲ, ಎಲ್ಲ ಈ ಅಕ್ಕಂದಿರೇ ಕಲಿಸಿದ್ದು’ ಎನ್ನುತ್ತಿದ್ದಾನೆ. ಅವನ ನಂತರ ಧಣಿಗಳು. ‘ಈ ಫ್ಯಾಕ್ಟರಿ ನನ್ನದಲ್ಲ, ನಿಮ್ಮದು. ನಾನು ನಿಮ್ಮ ಸೇವಕ.’ ಬೀಪಾತುಮ್ಮ ಫೋನ್ ನಿಲ್ಲಿಸಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದಳು. ‘ವಿನೋದ ಹೇಳಿದ್ದು ರಾಜೀನಾಮೆ ಆಗುವುದಾದರೆ, ಇವರು ಹೇಳಿದ್ದೂ ರಾಜೀನಾಮೆಯೇ ಅಲ್ಲವಾ ಮೇಡಂ? ಮತ್ತೆ ಆ ಫ್ಯಾಕ್ಟರಿಯನ್ನು ನಮ್ಮ ಹೆಸರಿಗೆ ಯಾವಾಗ ಬರೆದು ಕೊಡ್ತಾರೆ, ಅದನ್ನೂ ಒಂದು ಕೇಳಿ.’

ಮಗಾ, ಆ ಬಿಗಿಮುಖದ ಮೇಡಂ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಭುಜ ಅಲುಗುತ್ತಿತ್ತು! ಅವರೂ ಇದೇ ಜಿಲ್ಲೆಯವರು, ಎಷ್ಟು ಸನ್ಮಾನದಲ್ಲಿ ಕೂತು ಎಷ್ಟು ಭಾಷಣ ಕೇಳಿಲ್ಲ? ಧನರಾಜನ ಮುಖ ಬೇಯಿಸಿದ ಬೀಟ್ರೂಟು. ನಾನು ಆ ಹೊತ್ತಿಗೆ ಫ್ರೇಮನ್ನು ಮೇಜಿನ ಮೇಲಿಟ್ಟೆ. ‘ಮೈಕಿನಲ್ಲಿ ಎಲ್ಲರೂ ಹಾಗೆಯೇ ಹೇಳುವುದು ಮೇಡಂ. ಕಾಗದದಲ್ಲಿ ಇವರು ಏನು ಬರೆದಿದ್ದಾರೆ, ಅದನ್ನು ಓದಿ’ ಎಂದೆ. ಮೇಡಂ ಗಟ್ಟಿಯಾಗಿ ಓದಿದರು. ‘ಹದ್ದಿನ ಕಣ್ಣಿನ ಶ್ರೀಮತಿ ವಿನೋದಾ ಅವರು ಇಂದಿಗೂ ನಮ್ಮ ಹಾಲಿನ ಅತ್ಯಂತ ಚುರುಕಿನ ಕೈ. ಇಪ್ಪತ್ತೇಳು ವರ್ಷಗಳಲ್ಲಿ ಇವರು ಆರಿಸಿದ ಬೀಜದ ಬಗ್ಗೆ ಒಂದೇ ಒಂದು ದೂರು ಬಂದಿಲ್ಲ.’ ಕೆಳಗೆ ಮೇ ಮೂವತ್ತೊಂದರ ದಿನಾಂಕ, ಧನರಾಜನ ಸಹಿ, ಕಂಪನಿಯ ಸೀಲು. ‘ಇಂದಿಗೂ ಚುರುಕು ಅಂತ ನೀವೇ ಬರೆದಿದ್ದೀರಿ, ಅದೇ ದಿನ ಕಣ್ಣು ಸಾಲುವುದಿಲ್ಲ ಅಂತ ತೆಗೆದಿದ್ದೀರಿ. ರಾಜೀನಾಮೆ ಇಲ್ಲ, ನೋಟಿಸ್ ಇಲ್ಲ, ನಿಮ್ಮದೇ ಆರ್ಡರಿನಲ್ಲಿ ಅರವತ್ತು ಉಂಟು. ಕೋರ್ಟಿನಲ್ಲಿ ಏನು ಹೇಳ್ತೀರಿ?’ ಎಂದು ಮೇಡಂ ಕೇಳಿದರು. ಅವನು ಫೋನ್ ಹಿಡಿದುಕೊಂಡು ಹೊರಗೆ ಹೋದ. ಅರ್ಧ ಗಂಟೆ ಧಣಿಗಳ ಹತ್ತಿರ ಮಾತಾಡಿ ಬಂದ. ನಾವಿಬ್ಬರೂ ಆ ಅರ್ಧ ಗಂಟೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದೆವು.

ಬಂದವನು ಕೂತು ಸಹಿ ಹಾಕಿದ! ರಾಜಿ ಪತ್ರದಲ್ಲಿ ಎಲ್ಲ ಬರೆಸಿದ್ದೇನೆ. ನಮ್ಮಿಬ್ಬರಿಗೂ ಅದೇ ಕೆಲಸ, ಅದೇ ಮೇಜು, ಅರವತ್ತರ ತನಕ, ನಡುವಿನ ಎರಡು ತಿಂಗಳೂ ಕೆಲಸದಲ್ಲಿ ಇದ್ದ ಹಾಗೆಯೇ ಲೆಕ್ಕ. ಮೇಡಂ ಓದಿ ಹೇಳಿದರು, ಆದರೂ ನಾನು ಇನ್ನೊಮ್ಮೆ ನಾನೇ ಓದಿದೆ, ಆಮೇಲೆ ಸಹಿ ಮಾಡಿದೆ. ಹೊರಗೆ ಬಂದು ಬೀಪಾತುಮ್ಮ ‘ಅಲ್‌ಹಮ್ದುಲಿಲ್ಲಾ’ ಎಂದು ಮೆಟ್ಟಿಲಲ್ಲೇ ಕೂತುಬಿಟ್ಟಳು. ಇಬ್ಬರೂ ಮನಸಾರೆ ಅತ್ತೆವು, ಆಮೇಲೆ ಒಂದೊಂದು ಐಸ್‌ಕ್ರೀಂ ತಿಂದೆವು. ಆ ಫ್ರೇಮನ್ನು ನಾನು ಬಸ್ಸಿನಲ್ಲೇ ಮರೆತು ಇಳಿದೆ. ಕಂಡಕ್ಟರ್ ಓಡಿ ಬಂದು ‘ಅಕ್ಕಾ ನಿಮ್ಮ ಫೋಟೊ’ ಎಂದು ಕೊಟ್ಟ.

ಇವತ್ತು ಬೆಳಿಗ್ಗೆಯಿಂದ ಮನೆಗೆ ಜನವೋ ಜನ. ಉಳಿದ ಒಂಬತ್ತು ಮಂದಿಯಲ್ಲಿ ಆರು ಮಂದಿ ಬಂದರು. ‘ನಮಗೂ ಆಗ್ತದಾ ವಿನೋದಕ್ಕಾ?’ ಎಂದು. ಅವರಲ್ಲಿ ಕೆಲವರು ಮಗಳಿಗೆ, ಸೊಸೆಗೆ ಕೆಲಸ ಸಿಗುತ್ತದೆ ಎಂಬ ಆಸೆಗೆ ಕೆಲಸ ಬಿಡುವ ಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದಾರೆ, ಅವರದ್ದು ಕಷ್ಟ. ಆದರೂ ಕೇಳಿಯೇ ನೋಡುವ, ಸುಮ್ಮನೆ ಕೂರುವುದು ಬೇಡ ಎಂದು ಹೇಳಿದೆ. ಒಬ್ಬೊಬ್ಬರಿಂದಲೂ ಜೂನ್ ಮೂರರಂದು ಏನಾಯಿತೆಂದು ಅವರ ಕೈಯಲ್ಲೇ ಬರೆಸಿದೆ. ‘ಮೊದಲು ದಿನಾಂಕ ಹಾಕಿ’ ಎಂದು ನಾನು ಹೇಳುವಾಗ ಅಪ್ಪ ಬಾಗಿಲಲ್ಲಿ ನಿಂತು ‘ನಮಸ್ಕಾರ ವಕೀಲ್ರೇ’ ಎಂದರು. ಶನಿವಾರ ಎಲ್ಲರನ್ನೂ ಅಪ್ಪನ ರಿಕ್ಷಾದಲ್ಲೇ, ಎರಡು ಟ್ರಿಪ್ಪಿನಲ್ಲಿ, ನಾಸಿರರ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ.

ಕತ್ತಲಾಗುತ್ತಾ ಬಂತು, ಕಾಂತಿ ಕಾಗದ ತೆಗೆದುಕೊಂಡು ಹೋಗಲು ಈಗ ಬರುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಾಕು, ಹಟ ಕಡಿಮೆ ಮಾಡು. ವಾರ್ಡನ್ ಮೇಡಂಗೆ ನನ್ನ ನಮಸ್ಕಾರ ತಿಳಿಸು. ಅಪ್ಪ ನಿನಗೆ ಪ್ರೀತಿ ಹೇಳಲು ಹೇಳಿದ್ದಾರೆ, ಬೀಪಾತುಮ್ಮ ಸಲಾಂ ಹೇಳಿದ್ದಾಳೆ. ನೀನು ನೂರು ಕಾಲ ಸುಖವಾಗಿರು, ಬಿಳಿ ಕೋಟು ಹಾಕಿಕೊಂಡು ನನ್ನ ಕಣ್ಣಮುಂದೆ ಓಡಾಡು.

ಇಂತಿ ನಿನ್ನ ಅಮ್ಮ,
ವಿನೋದಾ

ಮರೆತೆನೆಂದು ತಿಳಿಯಬೇಡ: ಆ ಕಾಗದ. ಧನರಾಜ್ ಮೇಡಂ ಮುಂದೆ ಇಟ್ಟದ್ದು ಗೇಟಿನ ಬಳಿ ಇಟ್ಟಿದ್ದರಲ್ಲ, ಆ ಫಾರಂ. ನಿನ್ನ ಅಕ್ಷರ. ‘ಅಕ್ಟೋಬರ್ ಒಂದರಿಂದ ತಾಯಿಯ ಜಾಗದಲ್ಲಿ ಕೆಲಸಕ್ಕೆ ಹಾಜರಾಗುತ್ತೇನೆ.’ ಕಾರಣ ಎಂದಿರುವಲ್ಲಿ ನೀನು ಬರೆದದ್ದು ಎರಡೇ ಪದ. ‘ಅಮ್ಮ ದಣಿದಿದ್ದಾರೆ.’ ಮಗಳೇ ಅರ್ಜಿ ಹಾಕಿದ್ದಾಳೆ, ಹಾಗಾದರೆ ತಾಯಿ ಒಪ್ಪಿಯೇ ಬಿಟ್ಟದ್ದು ಎಂದು ಅವನು ವಾದಿಸಿದ. ಬಿಟ್ಟು ಹೋಗಲು ಎದ್ದಿದ್ದ ನಾನು ಮತ್ತೆ ಕೂತದ್ದು ಅದಕ್ಕೇ. ನಿನ್ನೆ ರಾಜಿಗೆ ಸಹಿ ಹಾಕುವ ಮೊದಲು ಆ ಫಾರಂ ವಾಪಸ್ ಕೊಡಿಸಿ ಎಂದು ಮೇಡಂ ಹತ್ತಿರ ಕೇಳಿ ತೆಗೆದುಕೊಂಡೆ. ಇದರೊಟ್ಟಿಗೆ ಪಿನ್ ಮಾಡಿದ್ದೇನೆ. ಅಕ್ಷರ ಅಷ್ಟು ಮುದ್ದಾಗಿದೆ, ಹರಿಯಲು ನನ್ನ ಕೈ ಬರಲಿಲ್ಲ, ನೀನೇ ಹರಿ. ನಿನ್ನೆ ಸಂಜೆ ಕಾಂತಿಯನ್ನು ಹಿಡಿದು ಕೇಳಿದೆ. ಕೋರ್ಸ್ ಬಿಡುತ್ತೇನೆಂದು ನೀನು ಕಾಲೇಜಿಗೂ ಬರೆದು ಕೊಟ್ಟಿದ್ದೀಯಂತೆ, ಪ್ರಿನ್ಸಿಪಾಲರ ಸಹಿ ಇನ್ನೂ ಆಗಿಲ್ಲವಂತೆ. ಹಿಂದಕ್ಕೆ ತೆಗೆದುಕೊಳ್ಳಲು ಆಗಸ್ಟ್ ಹದಿನಾರು ಕೊನೆಯ ದಿನ. ಹದಿನಾರರ ತನಕ ಕಾಯಬೇಡ, ನಾಳೆಯೇ ಬರೆದು ಕೊಡು, ನಿನ್ನ ಪ್ರತಿಗೆ ಸೀಲು ಹಾಕಿಸಿಕೋ. ಆ ಮೈಕಿನ ಮಾತನ್ನು ಧನರಾಜ್ ನಂಬಿದ ಹಾಗೆ ನಟಿಸಿದ, ಮೇಡಂ ನಂಬಲಿಲ್ಲ, ನಿಜವಾಗಿ ನಂಬಿದ್ದು ನೀನೊಬ್ಬಳೇ. ಅದಕ್ಕೆ ಈಗ ಕಾಗದದಲ್ಲಿ ಬರೆಯುತ್ತಿದ್ದೇನೆ. ನನ್ನ ಕಣ್ಣು ಮಂಜಾಗಿಲ್ಲ. ನನ್ನ ಕೈ ಸೋತಿಲ್ಲ. ನಾನು ದಣಿದಿಲ್ಲ. ಜಾಗ ಬಿಡುವುದೂ ಇಲ್ಲ.

ಸಹಿ: ವಿನೋದಾ
೭-೮-೨೦೨೪